ಡಮ್ಮಿ ಅಲ್ಲದವನು

ಮಕ್ಕಳು ಅಪರಿಚಿತರಿಗೆ ಮರುಳಾಗಬಾರದು ಎಂದರೆ ಅವರ ಆಟದೊಳಗೆ ನಾವೇ ಅಪರಿಚಿತರನ್ನು ಬಿಟ್ಟರೆ ಹೇಗೆ? ಈ ಪ್ರಶ್ನೆ ಮೊದಲು ಯಾರ ತಲೆಯಲ್ಲಿ ಹುಟ್ಟಿತೋ ನನಗೆ ಗೊತ್ತಿಲ್ಲ. ನಾನು ಬಾಲಕವಚ ನಿಗಮಕ್ಕೆ ಕೆಲಸಕ್ಕೆ ಸೇರುವ ಹೊತ್ತಿಗೆ ಅದು ತಮ್ಮ ತಲೆಯಲ್ಲೇ ಹುಟ್ಟಿದ್ದು ಎಂದು ಹೇಳಿಕೊಳ್ಳುವವರು ಆರು ಮಂದಿ ಇದ್ದರು. ಅವರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದವರು ನಮ್ಮ ನಿರ್ದೇಶಕರಾದ ಡಾ. ಪ್ರಭಂಜನ ಹುಯಿಲಗೋಳ.

ಲಸಿಕೆಯ ಹಾಗೆ, ಎಂದು ಅವರು ಪ್ರತಿ ಭಾಷಣದಲ್ಲೂ ಹೇಳುತ್ತಿದ್ದರು. ಸತ್ತ ರೋಗಾಣುವನ್ನು ಮೈಗೆ ಚುಚ್ಚಿದರೆ ಮೈ ಜೀವಂತ ರೋಗಾಣುವನ್ನು ಗುರುತಿಸಲು ಕಲಿಯುತ್ತದೆ. ಹಾಗೆಯೇ ಆನ್‌ಲೈನ್ ಆಟಗಳೊಳಗೆ ನಿಗಮದ ಸುಳ್ಳು ಅಪರಿಚಿತರು ಮಕ್ಕಳ ವೇಷದಲ್ಲಿ ಓಡಾಡುತ್ತಾರೆ. ಗೆಳೆತನ ಮಾಡುತ್ತಾರೆ, ಹೊಗಳುತ್ತಾರೆ, ಮನೆ ಎಲ್ಲಿ ಎಂದು ಕೇಳುತ್ತಾರೆ, ಫೋಟೋ ಕೇಳುತ್ತಾರೆ. ಮಗು ಎಚ್ಚೆತ್ತು ಪರದೆಯ ಮೂಲೆಯಲ್ಲಿರುವ ಕೆಂಪು ಗುಂಡಿ ಒತ್ತಿದರೆ 'ಸರಿಯಾದ ಗುರುತು' ಎಂದು ಬರುತ್ತದೆ, ಒಂದು ನಕ್ಷತ್ರ ಸಿಗುತ್ತದೆ. ಹತ್ತು ನಕ್ಷತ್ರವಾದರೆ ಸಂಯಮದ ಪ್ರಮಾಣಪತ್ರ. ಜೊತೆಗೆ ಪ್ರತಿ ನಕ್ಷತ್ರಕ್ಕೆ ಇಪ್ಪತ್ತು ನಿಮಿಷ ಹೆಚ್ಚಿನ ಆಟ. ಸಂಯಮ ಕಲಿತದ್ದಕ್ಕೆ ಬಹುಮಾನವಾಗಿ ಇನ್ನಷ್ಟು ಆಟ ಕೊಡುವುದರಲ್ಲಿ ಏನೋ ಎಡವಟ್ಟಿದೆ ಎಂದು ಆ ದೊಡ್ಡ ಕಟ್ಟಡದಲ್ಲಿ ಯಾರಿಗೂ ಅನಿಸಲಿಲ್ಲ. ನನಗೂ ಅನಿಸಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ಹೆಸರು ನೀಲಗಂಗಾ ಕೊಟಬಾಗಿ. ಇಪ್ಪತ್ತೆರಡು ವರ್ಷ ರೇಡಿಯೋ ನಾಟಕ ಬರೆದವಳು. ನಿಗಮಕ್ಕೆ ನನ್ನಂಥವಳು ಬೇಕಾದದ್ದು ಮಾತಿಗಾಗಿ. ಯಂತ್ರ ತಾನಾಗಿ ಕಟ್ಟುತ್ತಿದ್ದ ಕನ್ನಡ ಪಠ್ಯಪುಸ್ತಕದಂತಿತ್ತು. 'ನಿನ್ನ ವಾಸಸ್ಥಳವನ್ನು ನನಗೆ ತಿಳಿಸುವೆಯಾ ಗೆಳತಿ' ಎಂದು ಕೇಳುವ ಹುಡುಗನಿಗೆ ಒಂದನೇ ಕ್ಲಾಸಿನ ಮಗುವೂ ಮರುಳಾಗುತ್ತಿರಲಿಲ್ಲ. ಹಾಗಾಗಿ ನಾನು ನಾಡಿನ ಹನ್ನೊಂದು ಕಡೆಯ ಆಡುಮಾತಿನಲ್ಲಿ ವಾಕ್ಯಗಳನ್ನು ಬರೆದುಕೊಟ್ಟೆ. ಮಂಡ್ಯದ ಮಗುವಿಗೆ ಮಂಡ್ಯದ ಮಾತು, ಗದಗದ ಮಗುವಿಗೆ ಗದಗದ ಮಾತು. ಹೊಗಳುವ ವಾಕ್ಯ, ಕನಿಕರ ಹುಟ್ಟಿಸುವ ವಾಕ್ಯ, ಗುಟ್ಟು ಕಟ್ಟುವ ವಾಕ್ಯ ಎಲ್ಲ ಸೇರಿ ಎಂಟು ಸಾವಿರ. ಮಗು ಏನು ಹೇಳುತ್ತದೋ ನೋಡಿಕೊಂಡು ಪ್ರೋಗ್ರಾಮು ಅವುಗಳಲ್ಲಿ ಒಂದನ್ನು ಹೆಕ್ಕಿ ಎಸೆಯುತ್ತಿತ್ತು. ಕೆಲಸ ಚೆನ್ನಾಗಿ ಬಂದಿದೆ ಎಂದು ನಾನು ಬೀಗಿದೆ. ನನ್ನ ನಾಟಕಗಳಿಗೆ ಅಷ್ಟು ಕೇಳುಗರು ಯಾವತ್ತೂ ಇರಲಿಲ್ಲ.

ಧಾರವಾಡದ ನಿಗಮದ ಕಟ್ಟಡದ ಮೂರನೇ ಮಹಡಿಯಲ್ಲಿ ನಿಯಂತ್ರಣ ಕೊಠಡಿ. ಒಂದು ಗೋಡೆಯ ತುಂಬ ನಾಡಿನ ನಕಾಶೆ. ಎಲ್ಲಾದರೂ ಒಂದು ಮಗು ನಮ್ಮ ಸುಳ್ಳು ಅಪರಿಚಿತನನ್ನು ಗುರುತಿಸಿದರೆ ಅಲ್ಲೊಂದು ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತಿತ್ತು. ಆ ನಕಾಶೆ ಹಸಿರಾಗುವುದನ್ನು ನೋಡಲು ಗಣ್ಯರು ಬರುತ್ತಿದ್ದರು, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹಸಿರು ಚುಕ್ಕೆ ಎಂದರೆ ಏನೆಂದು ಕೇಳಿದವರು ನನ್ನ ನೆನಪಿನಲ್ಲಿ ಒಬ್ಬರೂ ಇಲ್ಲ. ತಂದೆತಾಯಿಗಳೂ ಅಷ್ಟೇ. ಅವರಿಗೆ ಬೇಕಾಗಿದ್ದದ್ದು ಚೌಕಟ್ಟು ಹಾಕಿಸಬಹುದಾದ ಒಂದು ಕಾಗದ. ಮಗುವಿನ ಪಕ್ಕ ಅರ್ಧ ಗಂಟೆ ಕೂತು ಏನು ಆಡುತ್ತೀ, ಯಾರ ಜೊತೆ ಆಡುತ್ತೀ ಎಂದು ಕೇಳುವ ಕೆಲಸವನ್ನು ನಿಗಮ ಅವರ ಹೆಗಲಿನಿಂದ ಇಳಿಸಿತ್ತು. ಅದಕ್ಕಾಗಿ ಅವರು ನಮಗೆ ತುಂಬ ಕೃತಜ್ಞರಾಗಿದ್ದರು.

ನಾನು ನನ್ನ ತಮ್ಮನ ಸಂಸಾರದ ಜೊತೆ ಇರುವವಳು. ತಮ್ಮ ತನ್ನ ಮಗಳು ಸಂಪದಾಳ ಪ್ರಮಾಣಪತ್ರವನ್ನು ಪಡಸಾಲೆಯಲ್ಲಿ ಟಿ.ವಿ.ಯ ಮೇಲೆ ತೂಗುಹಾಕಿ, ಅದರ ಕೆಳಗೆ ಕೂತು ತನ್ನ ಫೋನಿನಲ್ಲಿ ಇಸ್ಪೀಟು ಆಡುತ್ತಿದ್ದ. ಸಂಪದಾ ಆರನೇ ಕ್ಲಾಸು. ಒಂದು ಶುಕ್ರವಾರ ಸಂಜೆ ನಾನು ಕಚೇರಿಯಿಂದ ಬಂದಾಗ ಆಕೆ ಮುಖ ಊದಿಸಿಕೊಂಡು ಅಡುಗೆಮನೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಏನಾಯಿತೆಂದು ಕೇಳಿದೆ. ಒಂದು ನಕ್ಷತ್ರ ಹೋಯಿತೆಂದಳು.

ನಕ್ಷತ್ರ ಹೋಗುವುದೂ ಉಂಟೆಂದು ನನಗೆ ಗೊತ್ತಿರಲಿಲ್ಲ. ನಿಗಮದಲ್ಲಿ ನನ್ನ ಕೆಲಸ ಮಾತು ಬರೆಯುವುದು, ಅಷ್ಟೇ. ಸಂಪದಾ ನನಗೆ ನಮ್ಮದೇ ಯೋಜನೆಯನ್ನು ಸಮಾಧಾನದಿಂದ ವಿವರಿಸಿದಳು. ಮಕ್ಕಳು ನಮ್ಮ ಸುಳ್ಳು ಅಪರಿಚಿತರನ್ನು ಡಮ್ಮಿ ಅನ್ನುತ್ತಾರೆ. ಡಮ್ಮಿಗಳನ್ನು ಗುರುತಿಸುವುದು ಬಹಳ ಸುಲಭ. ಅವು ಊಟಕ್ಕೆ ಎದ್ದುಹೋಗುವುದಿಲ್ಲ. ಅವುಗಳ ಅವ್ವ ಕರೆಯುವುದಿಲ್ಲ. ಸರಿಯಾಗಿ ಮೂರನೇ ದಿನ ಮನೆ ಎಲ್ಲಿ ಎಂದು ಕೇಳುತ್ತವೆ. ಶಾಲೆಯಲ್ಲಿ ಎಲ್ಲರೂ ಡಮ್ಮಿಗಳ ಮಾತಿರುವ ಪರದೆಯ ಚಿತ್ರ ತೆಗೆದು ಒಬ್ಬರಿಗೊಬ್ಬರು ಕಳಿಸಿಕೊಂಡು ನಗುತ್ತಾರೆ. ನಕ್ಷತ್ರ ಬೇಕೆಂದಾಗ ಒಂದು ಡಮ್ಮಿಯನ್ನು ಹುಡುಕಿ ಗುಂಡಿ ಒತ್ತಿದರಾಯಿತು.

ಆದರೆ ಈ ಸಲ ಆಕೆ ಎಡವಿದ್ದಳು. ಕಲ್ಲುಕೋಟೆ ಎಂಬ ಆಟದಲ್ಲಿ ಒಬ್ಬ ಹೊಸ ಹುಡುಗ ಆಕೆಗೆ ಕುದುರೆ ಕೊಡುತ್ತೇನೆಂದು ಹೇಳಿ ಫೋಟೋ ಕೇಳಿದ್ದ. ಡಮ್ಮಿ ಎಂದುಕೊಂಡು ಗುಂಡಿ ಒತ್ತಿದಳು. 'ತಪ್ಪು ಗುರುತು. ಒಂದು ನಕ್ಷತ್ರ ಕಡಿತ. ಗೆಳೆಯರನ್ನು ಅನುಮಾನಿಸಬೇಡ' ಎಂದು ಬಂತು.

"ಆಮ್ಯಾಲೆ ಏನ ಮಾಡಿದಿ?" ಎಂದೆ.

"ಸಾರಿ ಅಂದೆ ಅತ್ತಿ, ಅವಗ. ಪಾಪ, ಡಮ್ಮಿ ಅಲ್ಲಂತಲ್ಲ ಅಂವ. ಖರೇ ಹುಡುಗ."

ಫೋಟೋ ಕಳಿಸಿದೆಯಾ ಎಂದು ಕೇಳಿದೆ. ಕಳಿಸಿರಲಿಲ್ಲ. ಆಕೆಯ ಕೋರೆಹಲ್ಲೊಂದು ಬಿದ್ದಿತ್ತು, ಆ ಹಲ್ಲು ಬಂದ ಮೇಲೆ ಕಳಿಸುತ್ತೇನೆಂದು ಹೇಳಿದ್ದಳು. ಒಂದು ಹಲ್ಲು ನಮ್ಮ ಮನೆಯ ಮಗುವನ್ನು ಕಾಯ್ದಿತ್ತು. ನಮ್ಮ ನಿಗಮ ಕಾಯ್ದಿರಲಿಲ್ಲ.

ಮಕ್ಕಳ ಲೆಕ್ಕದಲ್ಲಿ ಜಗತ್ತಿನಲ್ಲಿ ಎರಡೇ ಬಗೆಯ ಜನ. ಡಮ್ಮಿ ಮತ್ತು ಗೆಳೆಯ. ಡಮ್ಮಿ ಅಲ್ಲ ಎಂದು ನಾವೇ ಮೊಹರು ಒತ್ತಿ ಕೊಟ್ಟವನು ಗೆಳೆಯನಲ್ಲದೆ ಇನ್ನೇನು? ಟ್ಯಾಬ್ಲೆಟ್ ತೆಗೆದು ನೋಡಿದೆ. ಆ ಹುಡುಗ ತನ್ನ ಕೊನೆಯ ಮಾತಿನಲ್ಲಿ 'ನಮ್ಮಿಬ್ರ ಗುಟ್ಟು ಕಣೆ ಇದು, ಅಮ್ಮಂಗೂ ಹೇಳ್ಬೇಡ' ಎಂದಿದ್ದ. ಅದು ನಾನು ಬರೆದ ವಾಕ್ಯ. ಮಂಡ್ಯದ ಮಕ್ಕಳಿಗೆಂದು ಬರೆದದ್ದು. ಧಾರವಾಡದ ಮಗುವಿಗೆ ನಮ್ಮ ಡಮ್ಮಿ ಎಂದೂ ಹಾಗೆ ಹೇಳುತ್ತಿರಲಿಲ್ಲ. ಯಾರೋ ನನ್ನ ಮಾತುಗಳನ್ನು ಮಕ್ಕಳು ಹಂಚಿಕೊಂಡ ಚಿತ್ರಗಳಿಂದ ಕಲೆಹಾಕಿ ಬಳಸುತ್ತಿದ್ದ.

ಆ ಸಂಜೆಯೇ ಅವನ ಖಾತೆಯನ್ನು ಸಂಪದಾಳ ಗೆಳೆಯರ ಪಟ್ಟಿಯಿಂದ ತೆಗೆದುಹಾಕಿದೆ. ತಮ್ಮನಿಗೆ ಹೇಳಿದರೆ ಅವನು ಪ್ರಮಾಣಪತ್ರದ ಕಡೆ ನೋಡಿ, ಆಕೆಗೆ ಎಲ್ಲ ಗೊತ್ತದೆ ಬಿಡು ಎಂದ.

ಮರುದಿನ ಶನಿವಾರ. ಒಂಬತ್ತು ಗಂಟೆಗೆ ನಿಯಂತ್ರಣ ಕೊಠಡಿಗೆ ಹೋಗಿ ದಾಖಲೆಗಳ ಉಸ್ತುವಾರಿ ನೋಡುತ್ತಿದ್ದ ಫರ್ಜಾನಾಳ ಪಕ್ಕ ಕೂತೆ. ತಪ್ಪು ಗುರುತುಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದೆ. ಮಗು ಗುಂಡಿ ಒತ್ತಿದ ತಕ್ಷಣ ಯಂತ್ರ ತನ್ನ ಡಮ್ಮಿಗಳ ಪಟ್ಟಿ ನೋಡುತ್ತದೆ, ಪಟ್ಟಿಯಲ್ಲಿ ಆ ಹೆಸರು ಇಲ್ಲದಿದ್ದರೆ ದೂರನ್ನು ಒಂದು ಕಡತಕ್ಕೆ ಎಸೆಯುತ್ತದೆ, ಎಂದಳು ಆಕೆ. ದೂರು ಕೊಟ್ಟ ಮೇಲೆ ಆ ಇಬ್ಬರ ನಡುವಿನ ಮಾತು ಹದಿನೈದು ದಿನ ತಾನಾಗಿ ಅದೇ ಕಡತದಲ್ಲಿ ಉಳಿಯುತ್ತದೆ.

"ಓದೋರು ಯಾರು?"

"ಯಾರೂ ಇಲ್ರಿ ಅಕ್ಕಾ. ಅದನ್ನ ತೆರದರ ನಮ್ಮ ಯಶಸ್ಸಿನ ಪ್ರಮಾಣ ಕಡಿಮಿ ಆಗ್ತದಂತ ಸರ್ ಮುಚ್ಚಿಸ್ಯಾರ."

ತೆರೆ ಎಂದೆ. ಆಕೆ ಒಮ್ಮೆ ಬಾಗಿಲ ಕಡೆ ನೋಡಿ ತೆರೆದಳು. ನಾನೂರಕ್ಕಿಂತ ಹೆಚ್ಚು ದೂರುಗಳಿದ್ದವು. ಹೆಚ್ಚಿನವು ಮಕ್ಕಳ ಜಗಳ. ಆಟದಲ್ಲಿ ಸೋಲಿಸಿದವನ ಮೇಲೆ ಸಿಟ್ಟಿಗೆ ಒತ್ತಿದ್ದು, ಚಿಕ್ಕಪ್ಪನ ಮೇಲೆ ತಮಾಷೆಗೆ ಒತ್ತಿದ್ದು. ಉಳಿದವನ್ನು ಒಂದೊಂದಾಗಿ ಓದುತ್ತ ಹೋದೆವು. ನಾಡಿನ ಮೂಲೆಮೂಲೆಯ ಮಕ್ಕಳು ನಿಜವಾದ ಅಪಾಯವನ್ನು ನಿಜವಾಗಿಯೇ ಗುರುತಿಸಿ ನಮಗೆ ತಿಳಿಸಿದ್ದವು. ನಾವು ಪ್ರತಿಯೊಂದು ಮಗುವಿಗೂ ನಿನ್ನದು ತಪ್ಪು ಎಂದು ಹೇಳಿ, ದಂಡ ಹಾಕಿ, ಆ ಮನುಷ್ಯನ ಬಳಿಗೆ ವಾಪಸು ಕಳಿಸಿದ್ದೆವು. ದಂಡ ತಿಂದ ಮಕ್ಕಳಲ್ಲಿ ಎರಡನೇ ಸಲ ದೂರು ಕೊಟ್ಟವರು ಬೆರಳೆಣಿಕೆಯಷ್ಟು.

ಏಳು ದೂರುಗಳಲ್ಲಿ ಆ ಮಂಡ್ಯದ ವಾಕ್ಯಗಳಿದ್ದವು. ಅವುಗಳಲ್ಲಿ ಒಂದು ಗದಗದ ಶಾಲೆಯೊಂದರ ಹುಡುಗಿಯದು. ಕಡತದಲ್ಲಿ ಹೆಸರಿಲ್ಲ, ಸಂಖ್ಯೆ ಮಾತ್ರ. ವಯಸ್ಸು ಹನ್ನೊಂದು. ಒಂಬತ್ತು ದಿನದ ಹಿಂದೆ ದೂರು ಕೊಟ್ಟು ನಕ್ಷತ್ರ ಕಳೆದುಕೊಂಡಿದ್ದಳು. ಅಲ್ಲಿಂದ ಮುಂದೆ ಆ ಮನುಷ್ಯನ ಜೊತೆ ದಿನವೂ ಮಾತು. ನಿನ್ನೆ ಸಂಜೆಯ ಕೊನೆಯ ಸಾಲುಗಳು ಹೀಗಿದ್ದವು. ನಾಳೆ ಹನ್ನೊಂದೂವರೆಗೆ ಶಾಲೆ ಬಿಟ್ಟ ಮೇಲೆ ಹಿಂದಿನ ನೀರಿನ ಟಾಕಿ ಹತ್ತಿರ ಬಾ, ನಮ್ಮಪ್ಪ ಕಾರಿನಲ್ಲಿ ಇರುತ್ತಾರೆ, ಬಿಳಿ ಕುದುರೆ ನಿನ್ನ ಹೆಸರಿಗೆ ಹಾಕಿಸಿಕೊಡುತ್ತೇನೆ. ಹುಡುಗಿ, ಅವ್ವ ಎರಡು ಗಂಟೆಗೆ ಬರುತ್ತಾಳೆ, ಅಷ್ಟರಲ್ಲಿ ಮನೆಗೆ ಬಿಡಬೇಕು, ಎಂದಿದ್ದಳು.

ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಐವತ್ತು.

ಡಾ. ಹುಯಿಲಗೋಳರ ಕೋಣೆಗೆ ಹೋದೆ. ಅವರು ಸೋಮವಾರ ಬರಲಿದ್ದ ವಿದೇಶಿ ತಂಡಕ್ಕೆ ತೋರಿಸುವ ಚಿತ್ರಗಳನ್ನು ಜೋಡಿಸುತ್ತಿದ್ದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು, ಅದನ್ನು ಅಲ್ಲಗಳೆಯಲಾರೆ. ಕೇಳಿಸಿಕೊಂಡು, ಆ ಕಡತ ತೆರೆಯಲು ನಿಮಗೆ ಅನುಮತಿ ಕೊಟ್ಟವರು ಯಾರು ಎಂದರು. ಹುಡುಗಿಯ ಹೆಸರು ಬೇಕು, ತಾಯಿಯ ಫೋನ್ ಬೇಕು, ಎಂದೆ. ಮಕ್ಕಳ ಹೆಸರು ಗೋಪ್ಯ, ತೆರೆಯಬೇಕಾದರೆ ಸಮಿತಿ ಸೇರಬೇಕು, ಸಮಿತಿ ಸೇರುವುದು ತಿಂಗಳ ಎರಡನೇ ಬುಧವಾರ, ಎಂದು ನನಗೆ ನಿಯಮ ತಿಳಿಸಿದರು.

"ಸರ್, ಅಂವ ಇನ್ನ ಒಂದೂವರಿ ತಾಸಿನಾಗ ಆ ಹುಡುಗೀನ ಕಾರಿನಾಗ ಕುಂಡರಸ್ತಾನ್ರಿ."

"ಮೇಡಂ, ಅವನು ನಮ್ಮ ಡಮ್ಮಿನಾ? ಅಲ್ಲ. ನಮ್ಮ ಡಮ್ಮಿ ಅಲ್ಲ ಅಂದ್ಮೇಲೆ ಅವನು ನಮ್ಮ ವ್ಯಾಪ್ತಿಗೇ ಬರೋದಿಲ್ಲ."

ಅವರು ತಮಾಷೆ ಮಾಡುತ್ತಿರಲಿಲ್ಲ. ವೈದ್ಯನೊಬ್ಬ ತಾನು ಚುಚ್ಚಿದ ರೋಗಾಣು ಬಿಟ್ಟು ಬೇರೆ ಯಾವ ರೋಗವೂ ತನಗೆ ಸಂಬಂಧಿಸಿದ್ದಲ್ಲ ಎಂದು ಹೇಳಿದಂತಿತ್ತು ಆ ಮಾತು. ನಾನು ಅವರ ಮುಖ ನೋಡುತ್ತ ನಿಂತೆ. ಅಚ್ಚುಕಟ್ಟಾದ ಮುಖ. ಎರಡು ವರ್ಷ ನಾನು ಈ ಮುಖದ ಮೆಚ್ಚುಗೆಗೆ ಕಾದಿದ್ದೆನಲ್ಲ ಎಂದು ನನ್ನ ಬಗ್ಗೆಯೇ ಹೇಸಿಗೆಯಾಯಿತು. ಬಾಗಿಲು ಹಾಕಿಕೊಳ್ಳದೆ ಹೊರಬಂದೆ.

ಫರ್ಜಾನಾ ಅಷ್ಟರಲ್ಲಿ ಒಂದು ಉಪಾಯ ಹುಡುಕಿದ್ದಳು. ಹೆಸರಿಗೆ ಬೀಗವಿದ್ದರೂ ಶಾಲೆಯ ಸಂಖ್ಯೆಗೆ ಬೀಗವಿರಲಿಲ್ಲ. ಆ ಶಾಲೆಯಲ್ಲಿ ಶನಿವಾರ ಹತ್ತರಿಂದ ಸುರಕ್ಷತಾ ಅವಧಿ. ಮಕ್ಕಳೆಲ್ಲ ಶಾಲೆಯ ಟ್ಯಾಬ್ಲೆಟ್ ಹಿಡಿದು ನಮ್ಮ ಡಮ್ಮಿಗಳ ಜೊತೆ ಆಡುವ ಹೊತ್ತು. ಆ ಹುಡುಗಿಗೆ ಗೊತ್ತುಮಾಡಿದ್ದ ಡಮ್ಮಿಯ ಹೆಸರು ಕೋಟೆಪುಟ್ಟ. ಪ್ರೋಗ್ರಾಮನ್ನು ಪಕ್ಕಕ್ಕಿಟ್ಟು ಆ ಹೆಸರಿನಲ್ಲಿ ನಾನೇ ಮಾತಾಡಬಹುದಿತ್ತು. ಫರ್ಜಾನಾ ಪೊಲೀಸರಿಗೆ ಫೋನ್ ಮಾಡಲು ಹೋದಳು, ನಾನು ಕೀಬೋರ್ಡಿನ ಮುಂದೆ ಕೂತೆ.

ಹನ್ನೊಂದು ಕಡೆಯ ಆಡುಮಾತಿನಲ್ಲಿ ಸುಳ್ಳು ಹೇಳಲು ಬರುತ್ತಿದ್ದ ನನಗೆ ನಿಜ ಹೇಳಲು ಒಂದು ವಾಕ್ಯವೂ ಹೊಳೆಯಲಿಲ್ಲ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ನಾ ಡಮ್ಮಿ ಅಲ್ಲ, ಡಮ್ಮಿಗೆ ಮಾತು ಬರೆಯೋ ಹೆಂಗಸು. ನಿನ್ನ ಟಾಕಿ ಹತ್ರ ಕರದಾನಲ್ಲ, ಅಂವ ಹುಡುಗ ಅಲ್ಲ. ಹೋಗಬ್ಯಾಡ. ನಿಮ್ಮ ಟೀಚರಿಗೆ ಈಗ ಈ ಪರದೆ ತೋರಿಸು.

ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು. "ಇದು ಹೊಸ ಪರೀಕ್ಷಾ ಏನು?"

ಅಲ್ಲ ಎಂದೆ. ನನ್ನ ಹೆಸರು ಬರೆದೆ. ಊರು ಬರೆದೆ, ಮನೆ ಯಾವ ಓಣಿಯಲ್ಲಿದೆ ಎಂದು ಬರೆದೆ, ಫೋನ್ ನಂಬರ್ ಬರೆದೆ. ಯಾರಿಗೂ ಕೊಡಬಾರದೆಂದು ನಾಡಿನ ಮಕ್ಕಳಿಗೆಲ್ಲ ನಾವು ಕಲಿಸುತ್ತಿದ್ದ ಅಷ್ಟೂ ವಿವರವನ್ನು ನಾನು ಒಂದೇ ಉಸಿರಿನಲ್ಲಿ ಒಂದು ಅಪರಿಚಿತ ಮಗುವಿಗೆ ಕೊಟ್ಟೆ. ನನ್ನ ನಂಬು ಎಂದೂ ಬರೆದೆ. ಡಮ್ಮಿಗಳು ಮಾತಿಗೊಮ್ಮೆ ಹೇಳುವಂತೆ ನಾನು ಬರೆದುಕೊಟ್ಟಿದ್ದದ್ದು ಅದನ್ನೇ.

ಪರದೆಯ ಮೇಲೆ ಹಸಿರು ಪಟ್ಟಿ ಮೂಡಿತು. ಸರಿಯಾದ ಗುರುತು, ಒಂದು ನಕ್ಷತ್ರ. ಹುಡುಗಿ ಕೆಂಪು ಗುಂಡಿ ಒತ್ತಿ ಹೊರಟುಹೋಗಿದ್ದಳು. ಗೋಡೆಯ ನಕಾಶೆಯಲ್ಲಿ ಗದಗದ ಮೇಲೊಂದು ಚುಕ್ಕೆ ಹೊತ್ತಿಕೊಂಡಿತು.

ಫರ್ಜಾನಾಳಿಂದ ವಿಷಯ ತಿಳಿದ ಪೊಲೀಸರು ಗಾಡಿ ಕಳಿಸುತ್ತೇವೆಂದಿದ್ದರು. ಆದರೆ ಗಾಡಿ ತಲುಪುವ ಮೊದಲೇ ಶಾಲೆ ಬಿಟ್ಟರೆ? ನಾನು ಶಾಲೆಗೆ ಫೋನ್ ಮಾಡಿದೆ. ಗುಮಾಸ್ತ ಎತ್ತಿದ. ಮುಖ್ಯೋಪಾಧ್ಯಾಯಿನಿ ಕ್ಲಾಸಿನಲ್ಲಿದ್ದಾರೆ ಎಂದ. ನಡೆದದ್ದನ್ನೆಲ್ಲ ಹೇಳಿದೆ. ಹುಡುಗಿಯ ಹೆಸರೇನು ಎಂದ. ಗೊತ್ತಿಲ್ಲ ಎಂದೆ. ಹೆಸರು ಗೊತ್ತಿಲ್ಲದೆ ಹೇಗೆ ಹುಡುಕುವುದು ಎಂದ. ಹನ್ನೊಂದು ವರ್ಷದ ಹುಡುಗಿಯರನ್ನೆಲ್ಲ ನಿಲ್ಲಿಸಿಕೊಳ್ಳಿ ಎಂದೆ. ಹಾಗೆಲ್ಲ ಆಗುವುದಿಲ್ಲ, ಬರವಣಿಗೆಯಲ್ಲಿ ಕಳಿಸಿ ಎಂದ. ಫೋನ್ ಇಟ್ಟ.

ಹನ್ನೊಂದು ಗಂಟೆಯಾಗಿತ್ತು. ಫರ್ಜಾನಾಳ ಫೋನ್ ಇಸಿದುಕೊಂಡು ಅದೇ ಗುಮಾಸ್ತನಿಗೆ ಮತ್ತೆ ಕರೆ ಮಾಡಿದೆ. ಈ ಸಲ ನಾನು ನಾಟಕದ ನೀಲಗಂಗಾ ಆಗಿದ್ದೆ. ದನಿಯನ್ನು ಮೂಗಿಗೆ ಏರಿಸಿ, ಮೇಲಿನ ಕಚೇರಿಯಿಂದ ಮಾತಾಡುತ್ತಿದ್ದೇನೆ, ಹನ್ನೊಂದೂಕಾಲಿಗೆ ತಪಾಸಣೆ ತಂಡ ನಿಮ್ಮ ಶಾಲೆಗೆ ಬರುತ್ತದೆ, ತಂದೆತಾಯಿ ಬಂದು ಸಹಿ ಮಾಡುವವರೆಗೆ ಒಂದು ಮಗುವೂ ಗೇಟು ದಾಟಬಾರದು, ದಾಟಿದರೆ ನಿಮ್ಮ ಹೆಸರು ಬರೆದುಕೊಳ್ಳುತ್ತೇನೆ, ಎಂದೆ.

"ಆಯ್ತ್ರಿ ಮೇಡಂ. ಈಗ ಕೀಲಿ ಹಾಕಸ್ತೀನ್ರಿ," ಎಂದ ಅವನು.

ಒಂದು ಮಗು ಅಪಾಯದಲ್ಲಿದೆ ಎಂದಾಗ ಅಲುಗಾಡದವನು ತಪಾಸಣೆ ಎಂದ ಕೂಡಲೇ ಎದ್ದು ಓಡಿದ. ಅವನೊಬ್ಬನೇ ಏನಲ್ಲ, ನಮ್ಮ ಕಟ್ಟಡದ ಮೂರೂ ಮಹಡಿಯಲ್ಲಿ ಅವನಂಥವರೇ ತುಂಬಿದ್ದರು. ನಾವೆಲ್ಲ ಮಕ್ಕಳಿಗೆ ಎಚ್ಚರ ಕಲಿಸಲು ಹೊರಟವರು.

ನೀರಿನ ಟಾಕಿಯ ನೆರಳಿನಲ್ಲಿ ನಿಂತಿದ್ದ ಬೂದು ಬಣ್ಣದ ಕಾರು ಹನ್ನೊಂದೂ ನಲವತ್ತಕ್ಕೆ ಪೊಲೀಸರಿಗೆ ಸಿಕ್ಕಿತು. ಒಳಗೆ ಅಪ್ಪನೂ ಇರಲಿಲ್ಲ, ಹುಡುಗನೂ ಇರಲಿಲ್ಲ. ಮೂವತ್ತನಾಲ್ಕು ವರ್ಷದ ಒಬ್ಬ ಇದ್ದ. ಅವನ ಫೋನಿನಲ್ಲಿ ನನ್ನ ವಾಕ್ಯಗಳು ಸಾವಿರಕ್ಕೂ ಹೆಚ್ಚು ಸಿಕ್ಕವು. ಹೊಗಳಿಕೆ, ಕನಿಕರ, ಗುಟ್ಟು ಎಂದು ವಿಂಗಡಿಸಿ ಇಟ್ಟುಕೊಂಡಿದ್ದ. ಯಾವ ಮಾತಿಗೆ ಯಾವ ಮಗು ಮೆತ್ತಗಾಯಿತು ಎಂದು ಪಕ್ಕದಲ್ಲಿ ಗುರುತು ಹಾಕಿದ್ದ. ನನ್ನ ಬರವಣಿಗೆಯನ್ನು ಇಷ್ಟು ಶ್ರದ್ಧೆಯಿಂದ ಓದಿದ ಮನುಷ್ಯ ಅವನೊಬ್ಬನೇ. ಅವನು ಗುರುತು ಹಾಕಿದ್ದ ಇನ್ನೊಂದು ಊರಿನ ಇಬ್ಬರು ಮಕ್ಕಳ ವಿಷಯದಲ್ಲಿ ಪೊಲೀಸರು ತಡವಾಗಿ ತಲುಪಿದರು. ಆ ಮಕ್ಕಳೂ ನಮಗೆ ದೂರು ಕೊಟ್ಟಿದ್ದವು. ಅದರ ಬಗ್ಗೆ ನಾನು ಇದಕ್ಕಿಂತ ಹೆಚ್ಚು ಬರೆಯಲಾರೆ.

ಸೋಮವಾರ ವಿದೇಶಿ ತಂಡ ಬಂತು. ಡಾ. ಹುಯಿಲಗೋಳರು ಅವರೆದುರು, ನಮ್ಮ ಯೋಜನೆಯ ದಾಖಲೆಗಳ ನೆರವಿನಿಂದ ಒಬ್ಬ ಅಪಾಯಕಾರಿ ವ್ಯಕ್ತಿ ಸೆರೆಸಿಕ್ಕಿದ್ದಾನೆ ಎಂದು ಹೇಳಿದರಂತೆ. ಚಪ್ಪಾಳೆ ಬಿತ್ತಂತೆ. ಅದೇ ದಿನ ಮಧ್ಯಾಹ್ನ ಅನುಮತಿಯಿಲ್ಲದೆ ಕಡತ ತೆರೆದದ್ದಕ್ಕೆ ಫರ್ಜಾನಾಳಿಗೂ, ಅಧಿಕಾರಿಯ ಸೋಗು ಹಾಕಿದ್ದಕ್ಕೆ ನನಗೂ ನೋಟೀಸು ಬಂತು. ನಾನು ಉತ್ತರ ಬರೆಯದೆ ರಾಜೀನಾಮೆ ಕೊಟ್ಟೆ. ಫರ್ಜಾನಾ ಕೊಡಲಿಲ್ಲ. ಆ ಕಡತವನ್ನು ದಿನವೂ ಓದುವವರು ಒಬ್ಬರಾದರೂ ಒಳಗಿರಬೇಕು, ಅವರೇ ತೆಗೆದುಹಾಕುವವರೆಗೆ ನಾ ಏಳಂಗಿಲ್ಲ, ಎಂದಳು. ಪೊಲೀಸರು ಕಡತದ ಪ್ರತಿ ಕೇಳಿದ ಮೇಲೆ ಅವಳನ್ನು ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ತಪ್ಪು ಗುರುತಿಗೆ ನಕ್ಷತ್ರ ಕಳೆಯುವುದನ್ನು ಸದ್ದಿಲ್ಲದೆ ನಿಲ್ಲಿಸಿದರು. ಯಾವ ಮಗುವಿಗೂ ಯಾರೂ ಕ್ಷಮೆ ಕೇಳಲಿಲ್ಲ.

ಹೇಳಿಕೆ ಕೊಡಲು ಗದಗಿಗೆ ಹೋದಾಗ ಠಾಣೆಯಲ್ಲಿ ಹುಡುಗಿಯ ತಾಯಿ ಸಿಕ್ಕರು. ಹೆಸರು ಸಾವಂತ್ರವ್ವ ಬಾರಕೇರ. ಒಂದು ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುವ ಕೆಲಸ. ಮಗಳ ಹೆಸರು ಮಲ್ಲಿಕಾ. ಮಗಳು ಯಾರ ಜೊತೆಗೂ ಮಾತಾಡುತ್ತಿಲ್ಲ, ಟ್ಯಾಬ್ಲೆಟ್ ಮುಟ್ಟುತ್ತಿಲ್ಲ, ಶಾಲೆಗೂ ಒಲ್ಲೆ ಅನ್ನುತ್ತಾಳೆ, ನೀವಾದರೂ ಬಂದು ಒಂದು ಮಾತು ಹೇಳಿ, ಎಂದು ಕೇಳಿಕೊಂಡರು. ನಾನು ಏನು ಹೇಳಲಿ ಎಂದು ತಿಳಿಯದಿದ್ದರೂ ಭಾನುವಾರ ನಾಲ್ಕು ಗಂಟೆಗೆ ಬರುತ್ತೇನೆ ಎಂದೆ.

ಭಾನುವಾರ ನಾನು ಅವರ ಓಣಿಗೆ ಹೋದಾಗ ಬಾಗಿಲು ಮುಚ್ಚಿತ್ತು. ತಟ್ಟಿದೆ. ಪಕ್ಕದ ಕಿಟಕಿಯ ಒಂದು ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಎರಡು ಜಡೆ, ಗಂಭೀರವಾದ ಕಣ್ಣು. ಅವ್ವ ಸಂತೆಗೆ ಹೋಗಿದ್ದಾಳೆ ಎಂದಳು ಹುಡುಗಿ. ಯಾರು ನೀವು ಎಂದು ಕೇಳಿದಳು. ಹೆಸರು ಹೇಳಿದೆ. ಅಂದು ಕೋಟೆಪುಟ್ಟನ ಹೆಸರಿನಲ್ಲಿ ಬರೆದವಳು ನಾನೇ ಎಂದೆ.

ಆಕೆ ಹೇಳಿದಳು. "ನಾ ಮೊದಲ ಹೇಳಿದ್ನಲ್ಲ, ಅಂವ ಸರಿ ಇಲ್ಲಂತ. ನೀವಽ ಅಲ್ಲ ಅಂದ್ರಿ. ನನ್ನ ನಕ್ಷತ್ರ ಕಸಗೊಂಡ್ರಿ."

"ಹೌದವ್ವಾ."

"ಮತ್ತ ಯಾಕ ಹಂಗ ಮಾಡಿದ್ರಿ?"

ಯಂತ್ರ, ಪಟ್ಟಿ, ಪ್ರಮಾಣ, ಸಮಿತಿ. ಹೇಳಲು ಬೇಕಾದಷ್ಟಿತ್ತು. ನಿಗಮದಲ್ಲಿ ಎರಡು ವರ್ಷ ಇದ್ದವಳಿಗೆ ಅಂಥ ಮಾತಿಗೇನು ಬರ. ಆದರೆ ಕಿಟಕಿಯ ಆ ನಾಲ್ಕು ಬೆರಳ ಸಂದಿಯಲ್ಲಿ ಅದು ಯಾವುದೂ ತೂರುವಂತಿರಲಿಲ್ಲ.

"ನೀ ಹೇಳಿದ್ದು ಖರೇ ಇತ್ತು," ಎಂದೆ. "ನಾವು ಓದಲಿಲ್ಲ. ತಪ್ಪು ನಮ್ದು. ನಿಂದು ಒಂದೂ ತಪ್ಪಿಲ್ಲ."

ಆಕೆಯ ಕಣ್ಣು ನನ್ನ ಮುಖದ ಮೇಲೆ ಓಡಾಡುತ್ತಿತ್ತು, ಏನನ್ನೋ ಅಳೆಯುವಂತೆ. ನನಗೆ ಬಾಯಾರಿತ್ತು. ಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು. ಬಾಗಿಲು ತೆಗೆದಾಳೇನೋ ಎಂದು ಒಂದು ಹೆಜ್ಜೆ ಮುಂದೆ ಬಂದೆ.

"ಅವ್ವ ಬರೂತನಾ ತಗಿಯಂಗಿಲ್ರಿ," ಎಂದಳು. "ನೀವು ಖರೇ ಅವರಽ ಇರಬಹುದು. ನನಗ ಗೊತ್ತಿಲ್ಲ."

"ತಗೀಬ್ಯಾಡ," ಎಂದೆ.

ಕಿಟಕಿ ಮುಚ್ಚಿತು. ಒಳಗೆ ಅಗುಳಿ ಹಾಕಿದ ಸದ್ದೂ ಕೇಳಿಸಿತು. ನಾನು ಕಟ್ಟೆಯ ಮೇಲೆ ಕೂತೆ. ಎದುರು ಮನೆಯ ಅಜ್ಜಿ ಬಾಗಿಲಿಗೆ ಬಂದು, ಯಾರು, ಎಲ್ಲಿಯವರು, ಯಾಕೆ ಹೊರಗೆ ಕೂತಿದ್ದೀರಿ ಎಂದು ವಿಚಾರಿಸಿ, ಉತ್ತರಗಳು ಸಮಾಧಾನ ಕೊಡದೆ ಅಲ್ಲೇ ತನ್ನ ಹೊಸ್ತಿಲ ಮೇಲೆ ನನ್ನನ್ನು ಕಾಯುತ್ತ ಕೂತಳು. ಮುಕ್ಕಾಲು ತಾಸು ಆ ಬಿಸಿಲಿನಲ್ಲಿ ಇಬ್ಬರೂ ಎದುರುಬದುರು ಕೂತಿದ್ದೆವು. ಆ ಎರಡು ವರ್ಷಗಳಲ್ಲಿ ನಾನು ಅಷ್ಟು ನೆಮ್ಮದಿಯಿಂದ ಎಲ್ಲೂ ಕೂತದ್ದು ನೆನಪಿಲ್ಲ.

ಸಾವಂತ್ರವ್ವ ತರಕಾರಿಯ ಚೀಲ ಹಿಡಿದು ಓಡುತ್ತ ಬಂದರು. ಬೀಗರಂತೆ ಬಂದವರನ್ನು ಹೊರಗೆ ಕೂಡಿಸಿದ್ದೀಯಲ್ಲ ಎಂದು ಬಾಗಿಲ ಹೊರಗಿಂದಲೇ ಮಗಳ ಮೇಲೆ ರೇಗಿದರು. ನಾನು ಅವರ ಕೈ ಹಿಡಿದು ಬೈಯಬೇಡಿ ಎಂದೆ.

ಒಳಗಿಂದ ಹುಡುಗಿಯ ದನಿ ಬಂತು. "ಅವ್ವಾ, ಇವರು ನಿನಗ ಗೊತ್ತೇನು?"

"ಗೊತ್ತಽ ಅದಾರ, ತಗಿ," ಎಂದರು ತಾಯಿ.

ಆಮೇಲೆ ಅಗುಳಿ ಸರಿಯಿತು.